ಹಳದಿ ಪೆಡಲ್

ನಮ್ಮ ಆಪರೇಷನ್ ಥಿಯೇಟರಿಗೆ ತರಬೇತಿಗೆಂದು ಹೊಸ ಡಾಕ್ಟರು ಬಂದರೆ ನಾವು ನರ್ಸುಗಳು ದುಡ್ಡು ಹಾಕಿ ಒಂದು ಉಡುಗೊರೆ ತಂದುಕೊಡುತ್ತಿದ್ದೆವು. ಫುಟ್‌ಬಾಲ್ ಆಡುವವರು ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುತ್ತಾರಲ್ಲ, ಪ್ಲಾಸ್ಟಿಕ್ ಕವಚ, ಅದು ಒಂದು ಜೊತೆ. ಸ್ಟೇಷನ್ ಎದುರಿನ ಆಟದ ಸಾಮಾನಿನ ಅಂಗಡಿಯವನು ನನ್ನ ಮುಖ ಕಂಡರೆ ಸಾಕು, "ಏನ್ ಸಿಸ್ಟರ್ ಗೆರ್ಲಿಂಡೆ, ಮತ್ತೊಂದು ಕುರಿ ಬಂತಾ?" ಎಂದು ಕೇಳುತ್ತಿದ್ದ. ನಗುತ್ತಿದ್ದೆವು. ಈಗ ನೆನೆದರೆ ಮೈ ಉರಿಯುತ್ತದೆ.

ನಮ್ಮ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಎಗ್ಗರ್ಟ್ ಒದೆಯುತ್ತಿದ್ದ. ಆಪರೇಷನ್ ಮಾಡುವವನ ಕೈ ತೊಳೆದು ಶುದ್ಧವಾಗಿರಬೇಕು, ಮೇಜಿನ ಮೇಲೆಯೇ ಇರಬೇಕು. ಕಾಲಿಗೆ ಆ ಕಟ್ಟುಪಾಡಿಲ್ಲ. ಎದುರಿಗೆ ನಿಂತ ತರಬೇತಿಯ ಡಾಕ್ಟರು ಗಾಯದ ಅಂಚನ್ನು ಅಗಲಿಸಿ ಹಿಡಿಯುವ ಕೊಕ್ಕೆಯನ್ನು ಒಂದು ಬೆರಳು ಆಚೆ ಹಿಡಿದರೆ ಸಾಕು, ಮೇಜಿನ ಕೆಳಗಿಂದ ಅವನ ಮರದ ಅಟ್ಟೆಯ ಚಪ್ಪಲಿ ಬಂದು ಕಾಲಿನ ಎಲುಬಿಗೆ ಬಡಿಯುತ್ತಿತ್ತು. ಮುಖದಲ್ಲಿ ಒಂದು ಗೆರೆ ಕದಲುತ್ತಿರಲಿಲ್ಲ ಪುಣ್ಯಾತ್ಮನದು. ಕೈ ಮಾತ್ರ ಬಂಗಾರ. ಮೂತ್ರಪಿಂಡ, ಮೂತ್ರಕೋಶದ ಕೆಲಸದಲ್ಲಿ ನಮ್ಮ ಡೂಯಿಸ್‌ಬುರ್ಗ್ ಊರಿನಲ್ಲಿ ಅವನನ್ನು ಮೀರಿಸಿದವನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಇಪ್ಪತ್ತೆರಡು ವರ್ಷ ಅವನ ಕೈಗೆ ಕತ್ತರಿ ಎತ್ತಿಕೊಟ್ಟವಳು ನಾನು.

ಜುಟ್ಟಾ ಪಿಯೋಂಟೆಕ್ ಬಂದದ್ದು ತೊಂಬತ್ತರಲ್ಲಿ. ನಮ್ಮೂರಿನ ಹುಡುಗಿಯೇ, ಉಕ್ಕಿನ ಕಾರ್ಖಾನೆಯ ಕಾಲೊನಿಯವಳು. ಅಗಲ ಭುಜ, ಗಂಡಸರ ಹಾಗೆ ದೊಡ್ಡ ಕೈ. ಅವಳಿಗೆ ಎಂಟೂವರೆ ನಂಬರಿನ ಕೈಗವಸು ಬೇಕಾಗುತ್ತಿತ್ತು, ನಾನು ಬೇರೆಯಾಗಿ ತರಿಸಿಡುತ್ತಿದ್ದೆ. ಮೊದಲ ದಿನವೇ ಅವಳ ಕೈಗೆ ಕವಚ ಕೊಟ್ಟೆ.

"ಇದೇನ್ ಸಿಸ್ಟರ್?"

"ಪ್ಯಾಂಟಿನ ಒಳಗೆ ಕಟ್ಕೋ ಹುಡುಗಿ. ನಾಳೆ ಗೊತ್ತಾಗುತ್ತೆ ಯಾಕೆ ಅಂತ."

ಅವಳು ತಿರುಗಿಸಿ ಮುರುಗಿಸಿ ನೋಡಿ ಗಹಗಹಿಸಿ ನಕ್ಕಳು. "ನಮ್ಮಪ್ಪ ಒದೀತಿದ್ದಾಗ ಒಬ್ರೂ ಇದನ್ನ ಕೊಡಿಸ್ಲಿಲ್ಲ ನೋಡಿ! ಇಟ್ಕೊಳ್ಳಿ, ನಂಗೆ ಬೇಡ."

ಮೂರನೆಯ ವಾರ ತಾನಾಗಿ ಬಂದು ಕೇಳಿದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ಯಾಂಟ್ ಮೇಲೆತ್ತಿದಾಗ ನೋಡಿದೆ, ಎರಡೂ ಕಾಲಿನ ಎಲುಬಿನ ಮೇಲೆ ನೇರಳೆ, ಹಸಿರು, ಹಳದಿ. ಒಂದು ಕಡೆ ಚರ್ಮ ಸೀಳಿ ಹೆಪ್ಪುಗಟ್ಟಿತ್ತು. "ನಮ್ಮಪ್ಪನೇ ವಾಸಿ," ಎಂದಳು. "ಅವನು ಹೊಡೆಯೋ ಮುಂಚೆ ಬೈತಿದ್ದ. ತಯಾರಾಗೋಕೆ ಟೈಮ್ ಸಿಗ್ತಿತ್ತು."

ಆ ಅಪ್ಪನ ಕಾರಣಕ್ಕೇ ಅವಳು ಈ ವಿದ್ಯೆಗೆ ಬಿದ್ದದ್ದು. ಪಿಯೋಂಟೆಕ್ ಅಂದರೆ ಬೀದಿಯೇ ಹೆದರುತ್ತಿತ್ತಂತೆ. ಕುಡಿದು ಬಂದರೆ ಹೆಂಡತಿ, ಮಗ, ಮಗಳು, ಬಾಗಿಲು, ನಾಯಿ, ಯಾರೂ ಬಚಾವಾಗುತ್ತಿರಲಿಲ್ಲ. ಅಂಥವನು ಒಂದು ಭಾನುವಾರ ಅಡುಗೆಮನೆಯ ನೆಲದ ಮೇಲೆ ಮುದುಡಿ ಬಿದ್ದು, ಮಗುವಿನ ಹಾಗೆ ಅತ್ತು, ಹೆಂಡತಿಯ ಕಾಲು ಹಿಡಿದುಕೊಂಡನಂತೆ. ಮೂತ್ರನಾಳದಲ್ಲಿ ಕಲ್ಲು. ಆಸ್ಪತ್ರೆಯ ಡಾಕ್ಟರು ಅದನ್ನು ತೆಗೆದು ಹನ್ನೊಂದು ವರ್ಷದ ಜುಟ್ಟಾಳ ಅಂಗೈ ಮೇಲಿಟ್ಟರು. ಜೋಳದ ಕಾಳಿನಷ್ಟು.

"ಇಷ್ಟು ಚಿಕ್ಕದು ನಮ್ಮಪ್ಪನ್ನ ನೆಲಕ್ಕೆ ಕೆಡವ್ತಲ್ಲ ಸಿಸ್ಟರ್, ಅದನ್ನ ಎತ್ತಿ ಎಸೆದ ಆ ಡಾಕ್ಟ್ರು ಎಷ್ಟು ದೊಡ್ಡೋರಿರ್ಬೇಕು ಅನ್ನಿಸ್ತು ನಂಗೆ. ಆಗ್ಲೇ ತೀರ್ಮಾನ ಮಾಡ್ದೆ."

ಈ ತಜ್ಞರ ತರಬೇತಿ ಐದು ವರ್ಷ. ಮೊದಲ ವರ್ಷ ಕೊಕ್ಕೆ ಹಿಡಿಯುವುದು, ಎರಡನೆಯ ವರ್ಷ ನಳಿಕೆ ಹಾಕುವುದು, ಆಮೇಲೆ ಒಂದೊಂದೇ ಆಪರೇಷನ್. ಪ್ರತಿಯೊಂದನ್ನೂ ಒಂದು ಪುಸ್ತಕದಲ್ಲಿ ಬರೆದು ಮುಖ್ಯಸ್ಥನ ಸಹಿ ಹಾಕಿಸಬೇಕು. ಲೆಕ್ಕ ತುಂಬಿ, ಅವನು "ಇವಳು ಯೋಗ್ಯಳು" ಎಂದು ಪತ್ರ ಬರೆದುಕೊಟ್ಟರೆ ಮಾತ್ರ ವೈದ್ಯ ಮಂಡಳಿಯವರು ಪರೀಕ್ಷೆಗೆ ಕೂರಿಸುತ್ತಾರೆ. ಯಾರಿಗೆ ಯಾವ ಆಪರೇಷನ್ ಎಂದು ಹಂಚುವವನೂ ಅವನೇ. ಒದೆ ತಿಂದು ತುಟಿ ಪಿಟ್ಟೆನ್ನದವರಿಗೆ ಮೂತ್ರಪಿಂಡದ ಆಪರೇಷನ್ ಸಿಗುತ್ತಿತ್ತು. ಗೊಣಗಿದವರು ಕೊಕ್ಕೆ ಹಿಡಿದೇ ಮುದುಕರಾಗುತ್ತಿದ್ದರು. ಜುಟ್ಟಾ ಹಲ್ಲು ಕಚ್ಚಿ ನಾಲ್ಕೂವರೆ ವರ್ಷ ಕಳೆದಳು. ಇನ್ನು ಆರು ಮೂತ್ರಪಿಂಡ, ಒಂದು ಪತ್ರ. ಅಷ್ಟೇ ಉಳಿದದ್ದು.

ಒಂದು ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ಕವಚ ಬಂದ ಮೇಲೆ ಅವನ ಒದೆತ ಜೋರಾಯಿತು. ಮೊದಲು ಎಲುಬಿಗೆ ತಗುಲಿದರೆ ಎದುರಿನವರು ಮುಖ ಹಿಂಡುತ್ತಿದ್ದರು, ಅಷ್ಟಕ್ಕೆ ಅವನಿಗೆ ಸಮಾಧಾನವಾಗುತ್ತಿತ್ತು. ಈಗ ಟಕ್ ಎಂದು ಪ್ಲಾಸ್ಟಿಕ್ ಸದ್ದು ಬರುತ್ತದೆ, ಮುಖ ಹಿಂಡುವುದಿಲ್ಲ. ಅವನಿಗೆ ತಡೆಯಲಾಗುತ್ತಿರಲಿಲ್ಲ. ಫುಟ್‌ಬಾಲಿಗೆ ಒದ್ದ ಹಾಗೆ ಕಾಲು ಹಿಂದಕ್ಕೆಳೆದು ಬೀಸುತ್ತಿದ್ದ. ಒದೆಯುವ ಕಾಲನ್ನು ಹಿಡಿಯುವ ಧೈರ್ಯವಿಲ್ಲದೆ ನಾವು ಒದೆಸಿಕೊಳ್ಳುವ ಕಾಲಿಗೆ ಕವಚ ತೊಡಿಸಿದೆವು, ಅದನ್ನು ದಯೆ ಅಂದುಕೊಂಡೆವು.

ತೊಂಬತ್ನಾಲ್ಕರ ನವೆಂಬರ್, ಒಂದು ಮಂಗಳವಾರ ಬೆಳಿಗ್ಗೆ. ಮೇಜಿನ ಮೇಲೆ ಎರ್ವಿನ್ ಮಟುಶೆಕ್, ಕಲ್ಲಿದ್ದಲ ಗಣಿಯಿಂದ ನಿವೃತ್ತನಾದ ಅರವತ್ತಾರರ ಮುದುಕ. ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿತ್ತು. ಇದಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ. ಮೂತ್ರದ ದಾರಿಯಲ್ಲೇ ನಳಿಕೆ ತೂರಿಸಿ, ಅದರ ತುದಿಯ ತಂತಿಗೆ ಕರೆಂಟು ಕೊಟ್ಟು, ಒಳಗಿನ ಮಾಂಸವನ್ನು ಚೂರು ಚೂರಾಗಿ ಕೆತ್ತಿ ತೆಗೆಯುವುದು. ಡಾಕ್ಟರು ರೋಗಿಯ ಎರಡು ಕಾಲಿನ ನಡುವೆ ಸ್ಟೂಲಿನ ಮೇಲೆ ಕೂತಿರುತ್ತಾರೆ. ಕಾಲ ಬುಡದಲ್ಲಿ ಎರಡು ಪೆಡಲ್. ನೀಲಿ ತುಳಿದರೆ ರಕ್ತ ನಿಲ್ಲುತ್ತದೆ, ಹಳದಿ ತುಳಿದರೆ ತಂತಿ ಕೊಯ್ಯುತ್ತದೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಮಟುಶೆಕ್‌ಗೆ ಎಚ್ಚರವಿತ್ತು. ಎದೆಯ ಮೇಲೆ ಅಡ್ಡ ಕಟ್ಟಿದ ಬಟ್ಟೆಯ ಪರದೆಯ ಆಚೆಯಿಂದ ಒಂದೇ ಸಮನೆ ಮಾತು. ಅರಿವಳಿಕೆಯ ಡಾಕ್ಟರ್ ಬ್ರಾಂಡಿಸ್‌ಗೆ ತನ್ನ ಪಾರಿವಾಳಗಳ ಕಥೆ ಹೇಳುತ್ತಿದ್ದ. "ನನ್ನ ಹೆಣ್ಣು ಪಾರಿವಾಳ ಒಂದಿದೆ ಡಾಕ್ಟ್ರೇ, ಫ್ರಾನ್ಸಿಂದ ಬಿಟ್ರೆ ನನ್ನ ಹೆಂಡ್ತಿ ಮಾರ್ಕೆಟ್ಟಿಂದ ಬರೋಕೆ ಮುಂಚೆ ಮನೆ ಸೇರುತ್ತೆ!"

"ಮಾತು ಕಡಿಮೆ ಮಾಡ್ರಿ," ಎಂದ ಎಗ್ಗರ್ಟ್. ಅವನು ಜುಟ್ಟಾಳ ಬಲಕ್ಕೆ ನಿಂತು ಟೀವಿ ಪರದೆ ನೋಡುತ್ತಿದ್ದ. ಕೆತ್ತುತ್ತಿದ್ದವಳು ಅವಳು. ಚೆನ್ನಾಗಿಯೇ ಕೆತ್ತುತ್ತಿದ್ದಳು. ಒಂದು ಕಡೆ ರಕ್ತ ಜಿನುಗಿತು, ನೀಲಿ ತುಳಿಯಲು ಕಾಲು ಎತ್ತಿದಳು.

"ನಿಧಾನ ಯಾಕೆ? ದನ ಕಾಯೋಕೆ ಹೋಗು, ದನ!" ಎಂದವನೇ ಒದ್ದ. ಟಕ್. ಎತ್ತಿದ ಅವಳ ಕಾಲು ಜಾರಿ ಪೂರ್ತಿ ಭಾರದೊಂದಿಗೆ ಹಳದಿ ಪೆಡಲಿನ ಮೇಲೆ ಬಿತ್ತು. ಮೈ ಮುಂದಕ್ಕೆ ವಾಲಿತು, ಕೈಯಲ್ಲಿದ್ದ ನಳಿಕೆಯೂ ಮುಂದಕ್ಕೆ ಹೋಯಿತು. ಯಂತ್ರ ಕುಂಯ್ ಎಂದಿತು. ಉರಿಯುವ ತಂತಿ ಮೂತ್ರಕೋಶದ ಗೋಡೆ ಸೀಳಿ ಪಕ್ಕದ ರಕ್ತನಾಳವನ್ನು ಕೊಯ್ದು ಆಚೆ ಹೋಯಿತು. ಟೀವಿ ಪರದೆ ಕೆಂಪಾಯಿತು. ಬರೀ ಕೆಂಪು.

ಮುಂದಿನ ಒಂದು ಗಂಟೆ ಕಸಾಯಿಖಾನೆ. ಬ್ರಾಂಡಿಸ್ ಮುದುಕನಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದ, ಎಗ್ಗರ್ಟ್ ಹೊಕ್ಕುಳಿನಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಹೊಟ್ಟೆ ಸೀಳಿದ. ರಕ್ತ ನನ್ನ ಕನ್ನಡಕಕ್ಕೆ ಹಾರಿತು. ಬಟ್ಟೆಯ ಮೇಲೆ ಬಟ್ಟೆ ತುರುಕಿದರೂ ಕ್ಷಣದಲ್ಲಿ ತೊಯ್ದು ಮೇಲೆ ಬರುತ್ತಿದ್ದವು, ನೆಲಕ್ಕೆ ಎಸೆದರೆ ಚಪ್ ಎಂದು ಅಂಟುತ್ತಿದ್ದವು. ಕಾಲಿಟ್ಟಲ್ಲಿ ಜಾರುತ್ತಿತ್ತು. ಜುಟ್ಟಾ ತನ್ನ ದೊಡ್ಡ ಕೈಯನ್ನು ಮಣಿಕಟ್ಟಿನ ತನಕ ಒಳಗಿಳಿಸಿ, ಕಣ್ಣು ಮುಚ್ಚಿ ತಡಕಿ, ಎಲುಬಿಗೆ ಆನಿಸಿ ರಕ್ತನಾಳವನ್ನು ಒತ್ತಿ ಹಿಡಿದಳು. ರಕ್ತ ನಿಂತಿತು. ಎಗ್ಗರ್ಟ್ ಸೂಜಿಗೆ ಕೈ ಚಾಚಿದ. ಅವಳ ಬೆರಳು ಅವನಿಗೆ ಅಡ್ಡವಾಯಿತು. ಏನು ಹೇಳಲಿ, ಆ ರಾಕ್ಷಸ ಆಗಲೂ ಒದ್ದ.

ಅವಳು ತಲೆಯೆತ್ತಿದಳು. ದನಿ ಏರಿಸಲಿಲ್ಲ.

"ಇನ್ನೊಂದ್ ಸಲ ಕಾಲು ಎತ್ತಿದ್ರೆ ನಾನು ಈ ಕೈ ತೆಗೀತೀನಿ. ಆಮೇಲೆ ನೀವೊಬ್ರೇ ಈ ರಕ್ತದಲ್ಲಿ ಈಜಿ, ಪ್ರೊಫೆಸರ್."

ಅವನು ಹೊಲಿದ. ನಲವತ್ತು ನಿಮಿಷ ಅವಳ ಕೈ ಅಲುಗಲಿಲ್ಲ. ಮಟುಶೆಕ್ ಬದುಕಿದ.

ಸಂಜೆ ಜುಟ್ಟಾ ವರದಿ ಬರೆದಳು. "ಆಪರೇಷನ್ ನಡುವೆ ಪ್ರೊಫೆಸರ್ ಎಗ್ಗರ್ಟ್ ನನ್ನ ಬಲಗಾಲಿಗೆ ಒದ್ದರು. ನನ್ನ ಪಾದ ಕೊಯ್ಯುವ ಪೆಡಲಿನ ಮೇಲೆ ಬಿತ್ತು." ಎಗ್ಗರ್ಟ್ ಓದಿ ಹರಿದ, ಹರಿದ ಚೂರುಗಳನ್ನು ಅವಳ ಮುಖಕ್ಕೆ ಎಸೆದ. ತಾನೇ ಇನ್ನೊಂದು ಬರೆಸಿದ: ತಂತಿಯ ಕರೆಂಟು ನರಕ್ಕೆ ತಗುಲಿ ರೋಗಿಯ ಕಾಲು ಎಗರಿತು, ಅದರಿಂದ ಮೂತ್ರಕೋಶ ತೂತಾಯಿತು. ಸುಳ್ಳು ಹೇಳುವುದಾದರೆ ಹೀಗೆ ಹೇಳಬೇಕು. ಮರಗಟ್ಟಿದ ಕಾಲೂ ಹಾಗೆ ಎಗರುವುದುಂಟು, ಪಠ್ಯಪುಸ್ತಕದಲ್ಲೇ ಇದೆ.

ಅವಳು ಸಹಿ ಹಾಕಲಿಲ್ಲ. ಮಾರನೆಯ ದಿನ ಆಡಳಿತಾಧಿಕಾರಿಯ ಕೋಣೆಗೆ ಎಲ್ಲರನ್ನೂ ಕರೆದರು. ಎಗ್ಗರ್ಟ್ ಕಿಟಕಿಯತ್ತ ತಿರುಗಿ ಕೂತಿದ್ದ. ಬ್ರಾಂಡಿಸ್‌ನನ್ನು ಕೇಳಿದರು. "ನಾನು ಪರದೆ ಆಚೆ ಇದ್ದೆ, ನನಗೆ ಕಾಣಿಸಲ್ಲ," ಎಂದ. ನಿಜವೇ. ಆಮೇಲೆ ನನ್ನನ್ನು ಕೇಳಿದರು. ನನಗೆ ಕಾಣಿಸುತ್ತಿತ್ತು. ನಾನು ಅವಳ ಹಿಂದೆಯೇ ನಿಂತಿದ್ದೆ, ಚಪ್ಪಲಿ ಹಿಂದಕ್ಕೆ ಹೋದದ್ದು, ಬಂದದ್ದು, ಪೆಡಲ್ ಕೆಳಗಿಳಿದದ್ದು, ಎಲ್ಲ ಕಂಡಿದ್ದೆ.

ನನ್ನ ಗಂಡ ವಿಲ್ಲಿಯ ಮೂತ್ರಕೋಶದಲ್ಲಿ ಗಂಟು ಬಂದಿತ್ತು, ಕೆಟ್ಟ ಗಂಟು. ಅದನ್ನು ಕೆತ್ತಿದವನು ಎಗ್ಗರ್ಟ್. ಮೂರು ತಿಂಗಳಿಗೊಮ್ಮೆ ವಿಲ್ಲಿ ಅವನ ಮುಂದೆ ಕಾಲಗಲಿಸಿ ಮಲಗಬೇಕು, ಅವನು ನಳಿಕೆ ಹಾಕಿ ಮತ್ತೆ ಬೆಳೆದಿದೆಯೇ ಎಂದು ನೋಡಬೇಕು. ಮುಂದಿನ ಸರದಿ ಮುಂದಿನ ಗುರುವಾರವಿತ್ತು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

"ನಾನು ನನ್ನ ಸಾಮಾನಿನ ಟ್ರೇ ನೋಡ್ತಿದ್ದೆ," ಎಂದೆ. "ಏನೂ ನೋಡ್ಲಿಲ್ಲ."

ಜುಟ್ಟಾ ಎದ್ದು ನಿಂತಳು. ಕುರ್ಚಿಯ ಮೇಲೆ ಕಾಲಿಟ್ಟು ಪ್ಯಾಂಟ್ ಮೇಲೆತ್ತಿದಳು. ಕವಚವೇ ಬಿರುಕು ಬಿಟ್ಟು ಚೂಪು ತುದಿ ಚರ್ಮದೊಳಗೆ ಹೊಕ್ಕ ಗಾಯ, ಇನ್ನೂ ಹಸಿ.

"ಇದನ್ನೂ ನೋಡಿಲ್ವಾ ಸಿಸ್ಟರ್?"

ಆಡಳಿತಾಧಿಕಾರಿ ಕೆಮ್ಮಿ, "ಡಾಕ್ಟರ್ ಪಿಯೋಂಟೆಕ್, ಸಾಕ್ಷಿಯಿಲ್ಲದೆ ಇಂಥ ಮಾತು ಆಡಿದರೆ ಮಾನನಷ್ಟದ ಕೇಸಾಗುತ್ತೆ. ಪೆಡಲ್ ಮೇಲೆ ಇದ್ದದ್ದು ನಿಮ್ಮ ಕಾಲು, ಮರೀಬೇಡಿ," ಎಂದ. ಎರಡು ದಿನ ಬಿಟ್ಟು ಅವಳು ಎಗ್ಗರ್ಟ್ ಬರೆಸಿದ ವರದಿಗೆ ಸಹಿ ಹಾಕಿದಳು. ಮುಂದಿನ ವಾರವೇ ಅವಳಿಗೆ ಒಂದು ಮೂತ್ರಪಿಂಡ ಸಿಕ್ಕಿತು. ಆಪರೇಷನ್ ಉದ್ದಕ್ಕೂ ನನ್ನ ಕೈಯಿಂದ ಸಾಮಾನು ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ. ನನಗೆ ಒಳಗೊಳಗೇ ಹಾಯೆನಿಸಿತ್ತು, ಸುಳ್ಳೇಕೆ ಹೇಳಲಿ. ಹೇಗೋ ಮುಗಿಯಿತಲ್ಲ, ಹುಡುಗಿ ಪರೀಕ್ಷೆಗೆ ಕೂರುತ್ತಾಳಲ್ಲ ಎಂದುಕೊಂಡೆ. ಗುರುವಾರ ಎಗ್ಗರ್ಟ್ ವಿಲ್ಲಿಯ ಬೆನ್ನು ತಟ್ಟಿ, ಏನೂ ಬೆಳೆದಿಲ್ಲ ಎಂದು ಕಳಿಸಿದ.

ಆದರೆ ಮಟುಶೆಕ್‌ಗೆ ಕಿವಿಯಿತ್ತು. ಪರದೆಯಾಚೆ ಮಲಗಿದ್ದರೂ ಅವನು ಬೈಗುಳ ಕೇಳಿದ್ದ, ಟಕ್ ಎಂಬ ಸದ್ದು ಕೇಳಿದ್ದ. ಎಚ್ಚರವಾದ ದಿನದಿಂದ ಬಂದವರನ್ನೆಲ್ಲ ಕೇಳುತ್ತಿದ್ದ: "ಯಾರಿಗೆ ಒದ್ದಿದ್ದು ಅವನು?" ಜುಟ್ಟಾಳನ್ನೂ ಕೇಳಿದ. ಅವಳು ಬಿಳಿಚಿಕೊಂಡು ಹೊರಗೆ ಹೋದಳು. ಗಣಿಯವನಿಗೆ ಅಷ್ಟು ಸಾಕು. ಯಂತ್ರದ ಮುಂದಿರುವವನನ್ನು ತಮಾಷೆಗೂ ತಳ್ಳಬಾರದು ಎಂಬುದು ಅವರಲ್ಲಿ ಹದಿನಾಲ್ಕರ ಹುಡುಗನಿಗೂ ಗೊತ್ತಿರುವ ಮಾತು.

ಸೋಮವಾರ ವಾರ್ಡಿನ ರೋಗಿಗಳನ್ನೆಲ್ಲ ನೋಡುವ ದೊಡ್ಡ ಸುತ್ತಿನಲ್ಲಿ ಥಿಯೇಟರಿನ ಹಿರಿಯ ನರ್ಸೂ ಪ್ರೊಫೆಸರ್ ಹಿಂದೆ ನಡೆಯಬೇಕೆಂಬುದು ನಮ್ಮಲ್ಲಿನ ಪದ್ಧತಿ. ಆಪರೇಷನ್ ಆಗಿ ಹದಿಮೂರನೆಯ ದಿನ. ಡಾಕ್ಟರುಗಳು, ವಿದ್ಯಾರ್ಥಿಗಳು, ನರ್ಸುಗಳು, ಹದಿನೈದು ಜನ ಮಟುಶೆಕ್‌ನ ಮಂಚ ಸುತ್ತುವರಿದೆವು. ಅವನು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ, ಪಕ್ಕದಲ್ಲಿ ಮೂತ್ರದ ಚೀಲ ತೂಗುತ್ತಿತ್ತು. ಎಗ್ಗರ್ಟ್ ವಿದ್ಯಾರ್ಥಿಗಳಿಗೆ ಪಾಠ ಶುರುಮಾಡಿದ.

"ಇವರದು ಅಪರೂಪದ ಪ್ರಕರಣ. ಆಪರೇಷನ್ ನಡುವೆ ರೋಗಿಯ ಕಾಲು ತಾನಾಗಿ ಎಗರಿ..."

"ಯಾರ ಕಾಲು?" ಎಂದ ಮಟುಶೆಕ್.

"ನಿಮ್ಮದೇ. ನಿಮಗೆ ಅರಿವಿರಲ್ಲ."

"ಓ, ಹೌದಾ? ಹಿಂಗಾ?" ಎಂದು ಮುದುಕ ಕಾಲು ಹಿಂದಕ್ಕೆಳೆದು ಎಗ್ಗರ್ಟ್‌ನ ಎಲುಬಿಗೆ ಬಾರಿಸಿದ ನೋಡಿ! ಪ್ರೊಫೆಸರ್ ಹಾ ಎಂದು ಕಿರುಚಿ ಮಡಚಿಕೊಂಡ. ಮುದುಕ ಬಿಡಲಿಲ್ಲ, ಬಗ್ಗಿದವನ ಕೂದಲು ಹಿಡಿದೆಳೆದು ಮುಖಕ್ಕೆ ಮುಷ್ಟಿಯಿಂದ ಗುದ್ದಿದ. ಮೂಗು ಒಡೆದು ಬಿಳಿ ಕೋಟಿನ ಮೇಲೆ ರಕ್ತ ಹರಿಯಿತು. ಹಿಡಿಯಲು ಹೋದ ವಿದ್ಯಾರ್ಥಿಗೂ ಒಂದು ಬಿತ್ತು. "ಇದು ನನ್ನ ಕಾಲು! ಇದನ್ನ ಬರ್ಕೊಳ್ರೋ! ಅವತ್ತಿಂದು ನನ್ನದಲ್ಲ!" ಎಂದು ಅಬ್ಬರಿಸಿದ. ಹೊಲಿಗೆ ಬಿಚ್ಚಿಕೊಂಡೀತೆಂದು ಮೂರು ಜನ ಮೇಲೆ ಬಿದ್ದು ಅವನನ್ನು ಮಲಗಿಸಿದರು.

ಎಗ್ಗರ್ಟ್ ಗೋಡೆ ಹಿಡಿದು ಎದ್ದ. "ಪೊಲೀಸರನ್ನು ಕರೀರಿ. ಸಿಸ್ಟರ್ ಗೆರ್ಲಿಂಡೆ, ನೀವು ಪಕ್ಕದಲ್ಲೇ ಇದ್ರಿ. ಇವನು ಒದ್ದದ್ದು ನೋಡಿದ್ರಿ ತಾನೆ? ಸಾಕ್ಷಿ ಬರೆದುಕೊಡಿ."

ಎಲ್ಲಿತ್ತೋ ಆ ಸಿಟ್ಟು! ನನ್ನ ಇಪ್ಪತ್ತೆರಡು ವರ್ಷ ಒಟ್ಟಿಗೆ ಬಾಯಿಗೆ ಬಂತು.

"ನೋಡ್ದೆ ಪ್ರೊಫೆಸರ್. ಇವರು ಒದ್ದದ್ದೂ ನೋಡ್ದೆ, ನೀವು ಜುಟ್ಟಾಗೆ ಒದ್ದದ್ದೂ ನೋಡ್ದೆ. ಯಾವುದನ್ನ ಮೊದಲು ಬರೀಲಿ?"

ಮಟುಶೆಕ್ ಮಲಗಿದಲ್ಲಿಂದ "ಭಲೇ!" ಎಂದ. ನಾನು ಜುಟ್ಟಾಳ ಕಡೆ ತಿರುಗಿದೆ. ಅವಳು ಬಾಗಿಲ ಬಳಿ ನಿಂತು ತಲೆಯಾಡಿಸುತ್ತಿದ್ದಳು, ಕಣ್ಣಲ್ಲಿ ನೀರು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ ನಾನು, ದಡ್ಡಿ. ಬೇಡ, ಬೇಡ ಎನ್ನುತ್ತಿದ್ದಳು ಅವಳು.

ಸುದ್ದಿ ವೈದ್ಯ ಮಂಡಳಿಯ ತನಕ ಹೋಯಿತು. ಎಗ್ಗರ್ಟ್ ಆರೋಗ್ಯದ ಕಾರಣ ಹೇಳಿ ಬೇಗ ನಿವೃತ್ತನಾದ. ಬೀಳ್ಕೊಡುಗೆಗೆ ಹೂಗುಚ್ಛ, ಭಾಷಣ ಎಲ್ಲ ಇತ್ತು. ವಿಲ್ಲಿಯನ್ನು ಬೇರೆ ಊರಿನ ಡಾಕ್ಟರು ನೋಡತೊಡಗಿದರು, ಏನೂ ಆಗಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸಿಕ್ಕಿಬಿದ್ದವಳು ಜುಟ್ಟಾ. ಪೆಡಲಿನ ಮೇಲಿದ್ದದ್ದು ಅವಳ ಕಾಲು. ಸುಳ್ಳು ವರದಿಯ ಕೆಳಗಿದ್ದದ್ದು ಅವಳ ಸಹಿ. ಅವಳು ಮೊದಲು ಬರೆದ ನಿಜ ಚೂರಾಗಿ ಕಸದ ಬುಟ್ಟಿಗೆ ಹೋಗಿತ್ತು, ಆಡಳಿತಾಧಿಕಾರಿಯ ಕೋಣೆಯಲ್ಲಿ ಅವಳು ಆಡಿದ್ದನ್ನು ಯಾರೂ ಬರೆದಿಟ್ಟಿರಲಿಲ್ಲ. ರೋಗಿಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದ್ದಾರೆ ಎಂದು ಮಂಡಳಿಯವರು ಪತ್ರ ಬರೆದರು. ಎಗ್ಗರ್ಟ್ ಸಹಿ ಮಾಡಿದ ತರಬೇತಿ ಅಷ್ಟೂ ಲೆಕ್ಕಕ್ಕಿಲ್ಲ, ಬೇಕಿದ್ದರೆ ಬೇರೆ ಕಡೆ ಮೊದಲಿನಿಂದ ಶುರುಮಾಡಲಿ. ಅಂಥ ಪತ್ರ ಹೊತ್ತವಳನ್ನು ಯಾವ ಆಸ್ಪತ್ರೆ ಸೇರಿಸಿಕೊಂಡೀತು?

ಅವಳು ಬೀರು ಖಾಲಿ ಮಾಡುತ್ತಿದ್ದ ಮಧ್ಯಾಹ್ನ ನಾನು ಸೇಬಿನ ಕೇಕ್ ಹಿಡಿದು ಹೋದೆ. "ಕೊನೆಗೂ ಹೇಳ್ಬಿಟ್ಟೆನಲ್ಲ ಹುಡುಗಿ, ನಿನಗೋಸ್ಕರ," ಎಂದೆ.

ಆ ದೊಡ್ಡ ಕೈ ನನ್ನ ಕೆನ್ನೆಗೆ ಬಿತ್ತು. ಕೇಕು ನೆಲಕ್ಕೆ ಬಿತ್ತು, ನಾನು ಬೀರುವಿಗೆ ಬಡಿದು ಕುಸಿದೆ. ಬಾಯಲ್ಲಿ ರಕ್ತದ ರುಚಿ. ಮೂರು ದಿನ ಆ ಕಿವಿ ಕೇಳಿಸಲಿಲ್ಲ.

"ನನಗೋಸ್ಕರ?" ಎಂದಳು. "ಅವತ್ತು ಆ ರೂಮಲ್ಲಿ ನಂಗೆ ಒಂದು ಮಾತು ಬೇಕಿತ್ತು. ಒಂದೇ ಒಂದು. ನೀವು ಟ್ರೇ ನೋಡ್ತಿದ್ರಿ! ನಾನು ಮಾನ ಬಿಟ್ಟು ಸಹಿ ಹಾಕಿದ್ಮೇಲೆ ನಿಮಗೆ ಧೈರ್ಯ ಬಂತಾ? ಅವನು ನನ್ನ ಕಾಲಿಗೆ ಒದ್ದ ಸಿಸ್ಟರ್. ನೀವು ನನ್ನ ಹೊಟ್ಟೆ ಮೇಲೆ ಹೊಡೆದ್ರಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಒಲೆ ಉರಿದು ಅವಳ ಮನೆ ಸುಟ್ಟಿತು.

ಈಗ ಅವಳು ಬಂದರಿನ ಕೆಲಸಗಾರರ ದವಾಖಾನೆಯಲ್ಲಿ ಡಾಕ್ಟರು. ನಜ್ಜುಗುಜ್ಜಾದ ಬೆರಳಿಗೆ ಪಟ್ಟಿ ಕಟ್ಟುತ್ತಾಳೆ, ಕಣ್ಣಿಗೆ ಹಾರಿದ ಕಬ್ಬಿಣದ ಚೂರು ತೆಗೆಯುತ್ತಾಳೆ. ಹೋದ ವರ್ಷ ಅಲ್ಲಿ ಕ್ರೇನ್ ನಡೆಸುವ ನನ್ನ ತಂಗಿಯ ಮಗನಿಗೆ ಕೆಲಸದ ನಡುವೆ ಮೂತ್ರನಾಳದ ಕಲ್ಲು ಜಾರಿ, ನೋವಿಗೆ ನೆಲದ ಮೇಲೆ ಹೊರಳಾಡಿದನಂತೆ. ಅವಳು ಪಕ್ಕದಲ್ಲಿ ಮಂಡಿಯೂರಿ ನೋವಿಗೆ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿಗೆ ಫೋನ್ ಮಾಡಿದಳಂತೆ. "ನೀವೇ ತೆಗೀರಿ ಡಾಕ್ಟ್ರೇ," ಎಂದು ಅವನು ಅವಳ ಕೈ ಬಿಡದೆ ಗೋಗರೆದನಂತೆ.

"ನಂಗೆ ಅದನ್ನ ಮಾಡೋ ಅಧಿಕಾರ ಇಲ್ಲಪ್ಪ," ಎಂದಳಂತೆ ಜುಟ್ಟಾ.